ಕೀಲುಬ್ಯಾನಿ ಜ್ವರವೂ ಮಲ್ಲವ್ವನ ನೌಕರಿಯೂ

ತುಂಬಿಟ್ಟ ನೀರು ಚೆಲ್ಲಿರಿ ಎಂದು ಮನೆಮನೆಗೆ ಹೇಳಿ ಸಂಬಳ ತೆಗೆದುಕೊಂಡವಳು ನಾನು. ನಳದ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ ಎನ್ನುವ ಓಣಿಗಳಲ್ಲಿ ನಿಂತು ಹಾಗೆ ಹೇಳುತ್ತಿದ್ದೆ. ಸಹಾಯಕ ನರ್ಸ್ ಆಗಿ ಸೇರಿ, ಹಿರಿಯ ಆರೋಗ್ಯ ಸಹಾಯಕಿಯಾಗಿ ನಿವೃತ್ತಳಾದೆ. ನಡುವೆ ಯಾವ ಬಡ್ತಿ ಯಾವಾಗ ಬಂತು ಎಂಬುದರಲ್ಲಿ ಯಾರಿಗೂ ಆಸಕ್ತಿ ಇರಲಾರದು, ನನಗೂ ಇಲ್ಲ. ಆದರೆ ಈಗ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರು ಇಳಕಲ್ಲಿನ ನಮ್ಮ ಮನೆಗೆ ಬಂದು, “ಬಾಯಾರ, ಫೀಲ್ಡಿನ ಕೆಲಸ ಹೆಂಗಿರತೈತ್ರಿ?” ಎಂದು ಕೇಳುತ್ತಾರೆ. ತರಬೇತಿಯಲ್ಲಿ ಅವರಿಗೆ ಸೊಳ್ಳೆಯ ಜೀವನಚಕ್ರ ಕಲಿಸಿರುತ್ತಾರೆ. ಸೊಳ್ಳೆ ಯಾರ ಮನೆಯಲ್ಲಿ ಯಾಕೆ ಹುಟ್ಟುತ್ತದೆ ಎಂಬುದನ್ನು ಕಲಿಸಿರುವುದಿಲ್ಲ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬರೆಯುವಾಗ ಸಿಟ್ಟು ಬರುತ್ತದೆ. ಬರಲಿ ಬಿಡಿ, ಇಷ್ಟು ವರ್ಷ ನುಂಗಿದ್ದು ಸಾಕು.

ಮೊದಲು ಬಾದಾಮಿ ಕಡೆಯ ಒಂದು ಮಾತು. ತೊಂಬತ್ತರ ದಶಕದ ಕೊನೆ. ಕೆಲಸಕ್ಕೆ ಇನ್ನೂ ಹೊಸಬಳು. ಒಂದು ಮಳೆಗಾಲ ವಾಂತಿ-ಭೇದಿ ಶುರುವಾಯಿತು. ಮಲಗಿದವರೆಲ್ಲ ಊರ ಕೊನೆಯ ಕೇರಿಯವರು. ಬ್ಲೀಚಿಂಗ್ ಪುಡಿಯ ಚೀಲಗಳು ಬಂದು ಇಳಿದದ್ದು ಮಾತ್ರ ಗುಹೆ ನೋಡಲು ಬರುವ ಪ್ರವಾಸಿಗರು ಓಡಾಡುವ ರಸ್ತೆಯಲ್ಲಿ. ಗಟಾರದ ಅಂಚಿಗೆಲ್ಲ ರಂಗೋಲಿಯಂತೆ ಬಿಳಿ ಗೆರೆ ಎಳೆದಿದ್ದರು. ಕೇರಿಯವರು ಕುಡಿಯುವ ಬಾವಿಗೆ ಒಂದು ಹಿಡಿ ಪುಡಿ ಬಿದ್ದಿರಲಿಲ್ಲ. ನಮ್ಮ ಡಾಕ್ಟರು ವಯಸ್ಸಾದವರು, ಬಾಯಿ ಕಡಿಮೆ. ಒಂದು ಚೀಲ ತಾವೇ ಸೈಕಲ್ಲಿನ ಮೇಲೆ ಹೇರಿ, ನನ್ನ ಜೊತೆ ಬಾವಿಯತನಕ ನಡೆದುಬಂದರು. ದಾರಿಯಲ್ಲಿ ಹೇಳಿದರು: “ಯಾವ ಊರಿಗೆ ಹ್ವಾದ್ರೂ, ಪುಡಿ ಚೀಲಾ ಎಲ್ಲಿ ಇಳಸ್ಯಾರ ಅಂತ ಮೊದಲ ನೋಡವಾ. ರೋಗಿ ಎಲ್ಲಿ ಅದಾರಂತ ಆಮ್ಯಾಲ ನೋಡೂಣು.” ಆಗ ತಮಾಷೆಗೆ ಹೇಳಿದರು ಎಂದುಕೊಂಡೆ.

ಆಮೇಲೆ ನನಗೆ ಹುನಗುಂದ ತಾಲೂಕಿಗೆ ವರ್ಗವಾಯಿತು. ಇಳಕಲ್ಲಿನಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಊರು. ಹೆಸರು ಬರೆಯುವುದಿಲ್ಲ, ಅಲ್ಲಿಯವರು ಇನ್ನೂ ನನ್ನನ್ನು ಮಾತಾಡಿಸುತ್ತಾರೆ. ಅರ್ಧ ಊರು ನೇಕಾರರು. ಉಳಿದವರಲ್ಲಿ ಕೆಲವರು ಹೊಲದವರು, ಕೆಲವರು ಗ್ರಾನೈಟ್ ಕ್ವಾರಿಗೆ ಹೋಗುವವರು. ನೇಕಾರರ ಮನೆಗಳಲ್ಲಿ ನೆಲದಲ್ಲೇ ತೋಡಿದ ಕುಣಿ, ಅದರೊಳಗೆ ಕಾಲು ಬಿಟ್ಟು ಕೂತು ನೇಯುವ ಮಗ್ಗ. ಸೀರೆಯ ನೂಲು, ರೇಷ್ಮೆ ಎಲ್ಲ ಸಾವುಕಾರರದು. ಕೈಕಾಲು ಮಾತ್ರ ನೇಕಾರರದು.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಆ ಕೈಕಾಲೂ ಹೋದವು.

ಜ್ವರ ಬಂದ ಬಗೆಯನ್ನು ನೋಡಿದವರೇ ನಂಬಬೇಕು. ಮುಂಜಾನೆ ಎದ್ದು ಚಹಾ ಕುಡಿದ ಮನುಷ್ಯ ಮಧ್ಯಾಹ್ನ ಗೋಡೆ ಹಿಡಿದು ಕುಂಡ್ರುತ್ತಿದ್ದ. ಮಣಿಕಟ್ಟು, ಬೆರಳು, ಮೊಣಕಾಲು, ಹಿಮ್ಮಡಿ ಎಲ್ಲ ಬಾವು. ಗಟ್ಟಿ ಆಳುಗಳು ಕೂಸಿನ ಹಾಗೆ ಅಂಬೆಗಾಲಿಟ್ಟು ಬಚ್ಚಲಿಗೆ ಹೋಗುವುದನ್ನು ನೋಡಿದ್ದೇನೆ. ಚಿಕನ್‌ಗುನ್ಯಾ ಎಂಬ ಹೆಸರು ಪೇಪರಿನಲ್ಲಿ ಬಂದ ಕೂಡಲೇ ಇದು ಕೋಳಿಯಿಂದ ಬಂತೆಂದು ಊರವರು ಕೋಳಿ ತಿನ್ನುವುದನ್ನೇ ಬಿಟ್ಟರು. ಆಸ್ಪತ್ರೆಯ ಗೋಡೆಯ ಮೇಲೆ ನಾವು ಸೊಳ್ಳೆಯ ಚಿತ್ರ ಬರೆಸಿದರೆ, ಒಬ್ಬ ಮುದುಕ ಅದನ್ನು ದಿಟ್ಟಿಸಿ ನೋಡಿ, “ಇಷ್ಟ ದೊಡ್ಡ ಗುಂಗಾಡ ನಮ್ಮೂರಾಗ ಇಲ್ರಿ, ನಮಗ ಬಂದದ್ದು ಬ್ಯಾರೆ” ಎಂದು ಎದ್ದುಹೋದ. ನಮ್ಮ ಜನ ಅದಕ್ಕೆ ತಮ್ಮದೇ ಹೆಸರಿಟ್ಟರು, ಕೀಲುಬ್ಯಾನಿ ಜ್ವರ.

ಮಲೇರಿಯಾಕ್ಕಾದರೆ ಗಾಜಿನ ಚೂರಿನ ಮೇಲೆ ಒಂದು ಹನಿ ರಕ್ತ ತೆಗೆದು ನಮ್ಮಲ್ಲೇ ನೋಡಬಹುದಿತ್ತು. ಇದಕ್ಕೆ ರಕ್ತ ದೂರದ ಪ್ರಯೋಗಶಾಲೆಗೆ ಹೋಗಬೇಕು. ಫಲಿತಾಂಶ ಬರುವಷ್ಟರಲ್ಲಿ ಓಣಿಗೆ ಓಣಿಯೇ ಮಲಗಿರುತ್ತಿತ್ತು. ನಮ್ಮಲ್ಲಿ ಕೊಡಲು ಇದ್ದದ್ದು ಜ್ವರದ ಗುಳಿಗೆ. ಅದೂ ಕೆಲವೊಮ್ಮೆ ತೀರುತ್ತಿತ್ತು. ಇದ್ದವರು ಖಾಸಗಿ ದವಾಖಾನೆಗೆ ಹೋಗಿ ಸಲೈನ್ ಹಚ್ಚಿಸಿಕೊಂಡು, ಮನೆಯಲ್ಲಿ ಫ್ಯಾನಿನ ಕೆಳಗೆ ತಿಂಗಳುಗಟ್ಟಲೆ ಮಲಗಿ ಎದ್ದರು. ಇಲ್ಲದವರು ಒಂದು ಇಂಜೆಕ್ಷನ್ ಮಾಡಿಸಿಕೊಂಡು, ಬ್ಯಾನಿ ಮರಗಟ್ಟಿರುವಷ್ಟು ಹೊತ್ತು ಕ್ವಾರಿಯಲ್ಲಿ ಕಲ್ಲು ಹೊತ್ತು, ಸಂಜೆಗೆ ಮತ್ತೆ ಬಿದ್ದರು. ಜ್ವರ ಒಂದೇ ಇತ್ತು. ಮಲಗುವ ಅನುಕೂಲ ಒಂದೇ ಇರಲಿಲ್ಲ.

ಇಂಥ ದಿನಗಳಲ್ಲೇ ನೀರು ಚೆಲ್ಲಿಸುವ ಆದೇಶ ಬಂತು. ಸೊಳ್ಳೆ ಶುದ್ಧ ನೀರಿನಲ್ಲಿ ಹುಟ್ಟುತ್ತದೆ, ಹರವಿ, ಬ್ಯಾರಲ್ ಎಲ್ಲ ಖಾಲಿ ಮಾಡಿಸಿ ಎಂದು. ವಿಜ್ಞಾನ ತಪ್ಪಲ್ಲ. ನಾನು ನೇಕಾರರ ಓಣಿಯ ಒಂದು ಮನೆಯ ಮುಂದೆ ನಿಂತು ಕಲಿತ ಪಾಠ ಒಪ್ಪಿಸಿದೆ. ಒಳಗಿಂದ ಹೆಣ್ಣುಮಗಳೊಬ್ಬಳು ಬಂದಳು. ಎತ್ತರದ ಆಳು. ಅವಳ ದನಿ ಕೇಳಿದರೆ ಮೂರನೇ ಮನೆಯವರು ಹೊರಗೆ ಬರಬೇಕು, ಹಾಗಿತ್ತು.

“ಚೆಲ್ಲತೇನ್ರಿ ಬಾಯಾರ. ಈಗ ನಿಮ್ಮ ಮುಂದ ಚೆಲ್ಲತೇನಿ. ತಿರಗಿ ತುಂಬಾಕ ನೀವ ಬರ್ತೀರೋ, ನಿಮ್ಮ ಸಾಹೇಬ್ರು ಬರ್ತಾರೋ?”

“ನೀರಿನ್ಯಾಗ ಹುಳಾ ಆಗತಾವ ತಂಗಿ, ಅದಕ್ಕ…”

“ಅದಾವ್ರೀ ಹುಳಾ. ನಾನೂ ನೋಡೇನಿ. ಅರಿವ್ಯಾಗ ಸೋಸಿ ಕುಡೀತೀವಿ. ಅತ್ತಿ ಮಲಗ್ಯಾಳ, ಗಂಡ ಮಲಗ್ಯಾನ. ಕೊಡಾ ಹೊತ್ತು ಬೋರಿಂಗಿಗೆ ಹೋಗಬೇಕಂದ್ರ ನನ್ನ ಕಾಲೂ ಊದ್ಯಾವು. ಸಾವುಕಾರ್ರ ಮನ್ಯಾಗ ಮ್ಯಾಲ ಮುಚ್ಚಳದ ಟಾಕಿ ಐತಿ, ಅವರ ಮನಿಗೆ ಯಾರೂ ಚೆಲ್ಲರಿ ಅನ್ನಾಕ ಹೋಗೂದುಲ್ಲ. ಹೌದಲ್ರಿ?”

ಅವಳೇ ಮಲ್ಲವ್ವ. ಇಬ್ಬರೂ ಕೂಡಿ ಒಂದು ಹಳೆಯ ಧೋತರ ಹರಿದು ಬ್ಯಾರಲಿನ ಬಾಯಿಗೆ ಬಿಗಿಯಾಗಿ ಕಟ್ಟಿದೆವು. ಓಣಿಯ ಉಳಿದ ಮನೆಗಳಿಗೂ ಅವಳೇ ಮುಂದೆ ನಡೆದಳು. ಕುಂಟುತ್ತಲೇ ನಡೆದಳು, ಬೈಯುತ್ತಲೇ ಕಟ್ಟಿಸಿದಳು. ನನ್ನ ಮಾತಿಗೆ ಕೇಳದವರು ಅವಳ ಬಾಯಿಗೆ ಹೆದರಿ ಕೇಳಿದರು.

ಮನೆಯಲ್ಲಿ ಅವಳ ಗಂಡ ಸಂಗಪ್ಪ ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದ್ದ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ. ಯಾರದೋ ಮದುವೆಗೆ ಒಪ್ಪಿಕೊಂಡದ್ದು, ಕೆಂಪು ರೇಷ್ಮೆಯ ಸೆರಗು. ಲಾಳಿ ಹಿಡಿಯಲು ನೋಡಿ ಆಗದೆ, ಅದನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದ. “ಬೆರಳು ಮಡಚವಲ್ವು ಬಾಯಾರ. ಇದೊಂದು ಸೀರಿ ಮುಗದ್ರ ಸಾಕಾಗಿತ್ತು,” ಎಂದ. ಒಳಕೋಣೆಯಲ್ಲಿ ಅವನ ತಾಯಿ. ಆ ಮುದುಕಿಗೆ ಜ್ವರ ಬಿಟ್ಟರೂ ಹಾಸಿಗೆ ಬಿಟ್ಟಿರಲಿಲ್ಲ.

ಆ ವಾರವೇ ಹೊಗೆ ಹೊಡೆಯುವ ಮಷಿನ್ ಬಂತು. ಜೀಪು, ಮುಂದೆ ಧ್ವನಿವರ್ಧಕ, ಹಿಂದೆ ಫೋಟೊ ತೆಗೆಯುವವರು. ಡೀಸೆಲ್ಲಿಗೆ ಔಷಧ ಬೆರೆಸಿದ ಹೊಗೆ ಅದು. ಹೊರಗೆ ಹೊಡೆದರೆ ಹೆಚ್ಚು ಪ್ರಯೋಜನವಿಲ್ಲ, ಈ ಸೊಳ್ಳೆ ಹಗಲು ಮನೆಯೊಳಗೆ ಇರುತ್ತದೆ ಎಂದು ಯಾರೋ ಮೇಲಿನವರು ಹೇಳಿದ್ದರಂತೆ. ಹೊಗೆಯವರು ನೇರ ಮನೆಗಳಿಗೇ ನುಗ್ಗಿದರು. ಮಗ್ಗಕ್ಕೆ ಬಟ್ಟೆ ಮುಚ್ಚಿಕೊಳ್ಳಿ ಎಂದು ಮೊದಲೇ ಹೇಳುವವರು ಯಾರೂ ಇರಲಿಲ್ಲ. ಮುಚ್ಚಲು ಎದ್ದು ನಿಲ್ಲುವ ಶಕ್ತಿ ಇದ್ದವರೂ ಇರಲಿಲ್ಲ. ನಾನು ಆ ದಿನ ಪಕ್ಕದ ಊರಿನಲ್ಲಿದ್ದೆ. ಬಂದು ನೋಡಿದರೆ ಸಂಗಪ್ಪನ ಸೀರೆಯ ಕೆಂಪು ಸೆರಗಿನ ಮೇಲೆ ಎಣ್ಣೆಯ ಸಣ್ಣ ಸಣ್ಣ ಕಲೆ, ಹಾಸಿನ ನೂಲಿಗೂ ಜಿಡ್ಡು. ಓಣಿಯ ಎಲ್ಲ ಮಗ್ಗಗಳದೂ ಇದೇ ಕಥೆ. ಸಾವುಕಾರರ ಮನುಷ್ಯ ಬಂದು ಬೆರಳಿನಿಂದ ಒರೆಸಿ ನೋಡಿ, “ಇದು ನಡೆಯೂದುಲ್ಲ” ಎಂದು ಹೇಳಿಹೋದ.

ನಾನು ಹುನಗುಂದಕ್ಕೆ ಹೋಗಿ ನಮ್ಮ ಸಾಹೇಬರಿಗೆ ಹೇಳಿದೆ. ಸಾಹೇಬರು ಮೈಸೂರು ಕಡೆಯವರು, ತಾಲೂಕಿನ ಆರೋಗ್ಯಕ್ಕೆಲ್ಲ ಅವರೇ ಜವಾಬ್ದಾರಿ. ಲಂಚ ಮುಟ್ಟದ ಮನುಷ್ಯ, ಅದನ್ನು ಇಲ್ಲಿ ಹೇಳಲೇಬೇಕು. ಜ್ವರದ ಕಾಲದಲ್ಲಿ ಸರಿಯಾಗಿ ಊಟ ಮಾಡದೆ ಸೊರಗಿದ್ದರು.

“ನೋಡಮ್ಮಾ ಶಾರದಾ, ನಾವು ಜೀವ ಉಳಿಸೋಕೆ ಹೋಗಿದೀವಿ. ಸೀರೆ ಮೇಲೆ ಕಲೆ ಬಿತ್ತು ಅಂತ ದೂರು ತರ್ತೀಯಲ್ಲ.”

“ಅವರ ಜೀವನಾ ಇರೂದ ಆ ಸೀರ್‍ಯಾಗ್ರಿ ಸರ್.”

“ಅದು ನಮ್ಮ ಇಲಾಖೆಗೆ ಬರಲ್ಲ.”

ಈ ಮಾತನ್ನು ಹೊಸ ಹುಡುಗಿಯರು ನೆನಪಿಟ್ಟುಕೊಳ್ಳಬೇಕು. ನಿಮ್ಮ ಇಡೀ ಸರ್ವಿಸಿನಲ್ಲಿ ಅತಿ ಹೆಚ್ಚು ಸಲ ಕೇಳುವ ಮಾತು ಇದೇ. ನೀರು ನಮ್ಮ ಇಲಾಖೆಗೆ ಬರಲ್ಲ, ಕೂಲಿ ನಮ್ಮ ಇಲಾಖೆಗೆ ಬರಲ್ಲ, ಮನೆ ಬರಲ್ಲ, ಸೀರೆ ಬರಲ್ಲ. ಜ್ವರ ಒಂದೇ ಬರುತ್ತದೆ, ಅದೂ ತಾನಾಗಿಯೇ.

ಮಳೆ ಹತ್ತಿರ ಬರುವಾಗ ಮಲ್ಲವ್ವನ ಅತ್ತೆ ತೀರಿಕೊಂಡಳು. ಜ್ವರಕ್ಕೆ ಮೊದಲು ಆಕೆ ದಿನವೂ ನೂಲು ಸುತ್ತುತ್ತಿದ್ದಳು, ಊರೆಲ್ಲ ಅಡ್ಡಾಡುತ್ತಿದ್ದಳು. ಮಲಗಿದವಳು ಏಳಲಿಲ್ಲ, ಬೆನ್ನು ಹುಣ್ಣಾಗಿ, ಊಟ ಬಿಟ್ಟು ಹೋದಳು. ನಾನು ಕೀಲುಬ್ಯಾನಿ ಜ್ವರದ ನಂತರ ಎಂದು ವರದಿ ಕೊಟ್ಟೆ. ಈ ಜ್ವರದಿಂದ ಯಾರೂ ಸಾಯುವುದಿಲ್ಲ ಎಂದು ಮೇಲಿನಿಂದ ಹೇಳಿದ್ದಾರೆ, ವಯೋಸಹಜ ಎಂದು ಬರೆ ಎಂದರು ಸಾಹೇಬರು. ನಾನು ಬರೆಯಲಿಲ್ಲ, ಬೇರೆಯವರು ಬರೆದರು. ಮಣ್ಣು ಮಾಡಿ ಬಂದ ಮೇಲೆ ಮಲ್ಲವ್ವ ನನ್ನನ್ನು ಕೇಳಿದಳು: “ಜಡ್ಡಿಲೆ ಸತ್ತವರನ್ನೂ ಜಡ್ಡಿಲೆ ಸತ್ತರು ಅನ್ನಬಾರದೇನ್ರಿ? ಅದಕ್ಕೂ ಸರ್ಕಾರದ ಹುಕುಂ ಬೇಕಾ?” ಮೊದಲ ಸಲ ಆಕೆಯ ದನಿ ಸಣ್ಣದಾಗಿತ್ತು.

ಅದೇ ಸಮಯದಲ್ಲಿ, ಸೊಳ್ಳೆಯ ಮರಿ ಹುಡುಕಲು ಊರೂರಲ್ಲಿ ದಿನಗೂಲಿಯ ಮೇಲೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳಬಹುದು ಎಂದು ಅನುಮತಿ ಬಂತು. ನಾನು ಮಲ್ಲವ್ವನನ್ನು ಸೇರಿಸಿದೆ. ಕೈಯಲ್ಲಿ ಬ್ಯಾಟರಿ, ಬಗಲಲ್ಲಿ ಔಷಧದ ಬಾಟಲಿ. ಆ ಮಳೆಗಾಲವೆಲ್ಲ ಅವಳು ಅಡುಗೆಮನೆ, ದನದ ಕೊಟ್ಟಿಗೆ, ಬಚ್ಚಲು ಬಿಡದೆ ನುಗ್ಗಿದಳು. ಪಂಚಾಯ್ತಿ ಸದಸ್ಯರೊಬ್ಬರ ಅಟ್ಟದ ಮೇಲಿನ ಟಾಕಿಯನ್ನೂ ಹತ್ತಿ ನೋಡಿ, ಅಲ್ಲಿಂದಲೇ ಇಡೀ ಊರಿಗೆ ಕೇಳುವಂತೆ, “ಇಲ್ಲೂ ಅದಾವ್ರೀ ಹುಳಾ! ಶ್ರೀಮಂತ ಹುಳಾ!” ಎಂದು ಕೂಗಿದಳು. ಊರವರಿಗೂ ನನಗೂ ನಗು ತಡೆಯಲಾಗಲಿಲ್ಲ. ಆ ನಗುವಿಗೆ ಅವಳು ಆಮೇಲೆ ದಂಡ ತೆತ್ತಳು.

ಹೊಸ ಜ್ವರ ನಿಂತಿತು. ಜ್ವರ ನಿಂತ ತಿಂಗಳಲ್ಲೇ ದಿನಗೂಲಿಯವರನ್ನು ಕೈಬಿಡಲಾಯಿತು. ಬ್ಯಾಟರಿ, ಬಾಟಲಿ ವಾಪಸು ತರಿಸಿಕೊಂಡು, ಧನ್ಯವಾದ ಎಂಬ ಒಂದು ಮಾತೂ ಹೇಳದೆ.

ಇನ್ನು ಪುನಶ್ಚೇತನದ ಕಥೆ ಹೇಳದಿದ್ದರೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ. ಮರುವರ್ಷ ಬಾಗಲಕೋಟೆಯಲ್ಲಿ ಒಂದು ಸಭೆ. ರೋಗದಿಂದ ಕೆಲಸ ಕಳೆದುಕೊಂಡ ಶ್ರಮಿಕರಿಗೆ ಹೊಸ ಕೌಶಲ್ಯದ ತರಬೇತಿ. ಕೇಳಲು ಎಷ್ಟು ಚಂದ! ನನಗೂ ಆಸೆಯಾಯಿತು. ಸಂಗಪ್ಪನನ್ನೂ ಕ್ವಾರಿಯ ನಾಲ್ಕಾರು ಮಂದಿಯನ್ನೂ ನಾನೇ ಬಸ್ಸು ಹತ್ತಿಸಿಕೊಂಡು ನವನಗರಕ್ಕೆ ಕರೆದುಕೊಂಡು ಹೋದೆ. ಹಳೇ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಿಗೆ ಹೋಗಿ, ಕಚೇರಿಗಳೆಲ್ಲ ಅಲ್ಲಿಗೆ ಬಂದಿದ್ದವು. ಅಗಲ ರಸ್ತೆ, ದೊಡ್ಡ ಸಭಾಂಗಣ, ಹೂವಿನ ಹಾರ. ಕಲಿಸುವುದು ಏನು ಎಂದು ನೋಡಿದರೆ, ಊದುಬತ್ತಿ ಹೊಸೆಯುವುದು ಮತ್ತು ಹೊಲಿಗೆ.

ಬೆರಳಿನ ಕೀಲು ಹಿಡಿದುಕೊಂಡವರಿಗೆ ಊದುಬತ್ತಿ ಹೊಸೆಯುವುದು! ಸೂಜಿಗೆ ದಾರ ಪೋಣಿಸುವುದು! ಯಾವ ಮಹಾನುಭಾವರು ಕುಳಿತು ಇದನ್ನು ಯೋಚಿಸಿದರೋ. ಒಂದು ಸಲ, ಒಬ್ಬನೇ ಒಬ್ಬ ರೋಗಿಯ ಕೈ ಹಿಡಿದು ನೋಡಿದ್ದರೆ ಸಾಕಿತ್ತು.

ಸಂಗಪ್ಪ ಮೆತ್ತಗಿನ ಮನುಷ್ಯ. ಆದರೂ ಎದ್ದು ನಿಂತು, ಎರಡೂ ಕೈ ಮೇಲೆತ್ತಿ ತೋರಿಸಿದ. “ಸಾಹೇಬ್ರ, ನಾ ಹುಟ್ಟಿದಾಗಿಂದ ನೇಕಾರ ಅದೇನ್ರಿ. ನನಗ ಕೆಲಸಾ ಬರೂದಿಲ್ಲ ಅಂತ ಅಲ್ರಿ. ಬೆರಳು ಮಡಚವಲ್ವು. ಇವನ್ನ ಮಡಚೂ ಹಂಗ ಮಾಡಿಕೊಡ್ರಿ, ಕೆಲಸಾ ನಾ ಮಾಡಿಕೋತೇನಿ.”

ವೇದಿಕೆಯಿಂದ ಒಬ್ಬರು, “ಅಭ್ಯಾಸ ಆದಂತೆ ಸರಿಯಾಗುತ್ತದೆ” ಎಂದರು. ಬೇರೆಯವರು ಚಪ್ಪಾಳೆ ತಟ್ಟಿದರು.

ಅವನಿಗೆ ಬೇಕಾಗಿದ್ದದ್ದು ಬಿಸಿ ಶಾಖ, ಕೈಯ ವ್ಯಾಯಾಮ, ಕೆಲವು ತಿಂಗಳ ಗುಳಿಗೆ, ಅಷ್ಟು ದಿನ ಹೊಟ್ಟೆಗೆ ಆಧಾರ. ವ್ಯಾಯಾಮ ಕಲಿಸುವವರ ಹುದ್ದೆ ಆಗ ಖಾಲಿ ಇತ್ತು. ನಾನು ಪುಸ್ತಕ ನೋಡಿಕೊಂಡು ಮೇಣ ಕರಗಿಸಿ ಕೈ ಅದ್ದಿಸುವುದನ್ನು ಮಲ್ಲವ್ವನಿಗೆ ತೋರಿಸಿಕೊಟ್ಟೆ. ಅವಳು ದಿನಾ ಬಿಡದೆ ಮಾಡಿದಳು. ಸಂಗಪ್ಪನ ಬೆರಳು ಅರ್ಧ ಬಂದವು. ಸೆರಗಿನ ಕುಸುರಿ ನೇಯುವ ಕೈ ಮತ್ತೆ ಬರಲಿಲ್ಲ. ಒಡಲು ನೇಯುತ್ತಾನೆ, ಸೆರಗು ಬೇರೆಯವರು ನೇಯುತ್ತಾರೆ. ಅವನ ಮುಂದೆ ಸೆರಗಿನ ಮಾತು ಯಾರೂ ತೆಗೆಯುವುದಿಲ್ಲ.

ಅಷ್ಟರಲ್ಲಿ ಆಶಾ ಕಾರ್ಯಕರ್ತೆಯರನ್ನು ಆರಿಸುವ ಕೆಲಸ ನಮ್ಮ ತಾಲೂಕಿಗೂ ಬಂತು. ಊರಿನ ಹೆಣ್ಣುಮಗಳೇ ಆಗಬೇಕು, ಮನೆಮನೆಗೆ ಹೋಗಬೇಕು, ಗರ್ಭಿಣಿಯರನ್ನು ನೋಡಿಕೊಳ್ಳಬೇಕು. ನನ್ನ ಮನಸ್ಸಿನಲ್ಲಿ ಒಂದೇ ಹೆಸರು. ಮಲ್ಲವ್ವ ಅರ್ಜಿ ಕೊಟ್ಟಳು. ಎಂಟನೇ ಇಯತ್ತೆ ಓದಿರಬೇಕಿತ್ತು. ಅವಳು ಏಳು ಮುಗಿಸಿ ಸಾಲಿ ಬಿಟ್ಟವಳು, ನೂಲು ಸುತ್ತುವುದಕ್ಕೆ ಮನೆಯಲ್ಲಿ ಕೈ ಬೇಕಾಗಿತ್ತು. ಯೋಗ್ಯರು ಸಿಗದಿದ್ದರೆ ಓದಿನ ನಿಯಮ ಸಡಿಲಿಸಬಹುದು ಎಂದೂ ಅದೇ ಆದೇಶದಲ್ಲಿತ್ತು. ನಾನು ಅದನ್ನು ಸಾಹೇಬರಿಗೆ ಓದಿ ತೋರಿಸಿದೆ.

“ಯೋಗ್ಯರು ಸಿಕ್ಕಿದಾರಲ್ಲಮ್ಮ,” ಎಂದರು ಅವರು.

ಸಿಕ್ಕವಳು ಪಂಚಾಯ್ತಿ ಸದಸ್ಯರ ಆ ಟಾಕಿಯ ಮನೆಯ ಸೊಸೆ. ಪಿಯುಸಿ ಆದವಳು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಗಂಡನ ನೌಕರಿ ಬಾಗಲಕೋಟೆಯಲ್ಲಿ, ಇವಳೂ ಅಲ್ಲಿಯೇ. ಮನೆಯವರು ಹೆಸರು ಕೊಟ್ಟದ್ದೂ ಅವಳಿಗೆ ಆಮೇಲೆ ಗೊತ್ತಾಯಿತಂತೆ. ಊರಲ್ಲೇ ವಾಸ ಎಂದು ದೃಢೀಕರಿಸಿ ನಾನು ಸಹಿ ಹಾಕಬೇಕಿತ್ತು.

“ಹಾಕೂದಿಲ್ರಿ ಸರ್. ಆಕಿ ಊರಾಗ ಇಲ್ಲ.”

“ಶಾರದಾ, ಮೇಲಿನಿಂದ ಫೋನ್ ಬಂದಿದೆ.”

“ಮ್ಯಾಲಿನವ್ರ ಹಾಕ್ಲಿ.”

ಕಾರಣ ಕೇಳಿ ನೋಟಿಸು ಬಂತು. ಉತ್ತರ ಕೊಟ್ಟೆ. ಸಹಿ ಬೇರೆಯವರು ಹಾಕಿದರು. ಮಲ್ಲವ್ವನ ಮನೆಗೆ ಹೋಗಿ ಹೇಳುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. ಆಕೆ ಲಾಳಿಗೆ ನೂಲಿನ ಕಂಡಕಿ ಸುತ್ತುತ್ತಿದ್ದಳು, ನಿಲ್ಲಿಸಲಿಲ್ಲ. “ನನ್ನ ಬಾಯಿ ಹೆಚ್ಚಾತು ಅಂತ್ರಿ ಬಾಯಾರ. ಆವತ್ತ ಟಾಕಿ ಹತ್ತಬಾರದಾಗಿತ್ತು.” ಸ್ವಲ್ಪ ಹೊತ್ತಿಗೆ ತಾನೇ, “ಇಲ್ಲ, ಹತ್ತಬೇಕಾಗಿತ್ತು,” ಎಂದಳು.

ಆಶಾ ಇಲ್ಲದ ಆಶಾ ಕಾರ್ಯಕ್ರಮ ಹೀಗೆ ನಡೆಯಿತು. ಹೆಸರು ಒಬ್ಬರದು, ಕೆಲಸ ಯಾರದೂ ಅಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ಹಂದಿಜ್ವರದ ಗದ್ದಲ ಎದ್ದಿತು. ಜಗತ್ತಿಗೆಲ್ಲ ಹರಡಿದೆ ಎಂದು ಟೀವಿಯಲ್ಲಿ ಮೂರು ಹೊತ್ತೂ ಅದೇ ಸುದ್ದಿ. ನಮ್ಮ ಕಡೆಯಿಂದ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದವರು ಹೆದರಿ ಊರಿಗೆ ಮರಳಿದರು. ಮರಳಿದವರಲ್ಲಿ ಜ್ವರ ಯಾರಿಗಿದೆ ನೋಡಬೇಕು ಎಂದು ನಾವು ಹೋದರೆ ಬಾಗಿಲು ಮುಚ್ಚುತ್ತಿದ್ದರು. ಜ್ವರ ಎಂದರೆ ಎಳೆದೊಯ್ದು ಬೇರೆ ಇಡುತ್ತಾರೆ, ಹೆಣವನ್ನೂ ಕೊಡುವುದಿಲ್ಲ ಎಂಬ ಗುಲ್ಲು. ಮೂಗು-ಬಾಯಿ ಕಟ್ಟಿಕೊಂಡ ನಮ್ಮನ್ನು ನೋಡಿ ಮಕ್ಕಳು ಓಡುತ್ತಿದ್ದರು. ಸಾಹೇಬರು ನನ್ನನ್ನು ಕರೆಸಿದರು.

“ಆ ಊರಲ್ಲಿ ಒಬ್ಬಳು ದೊಡ್ಡ ಗಂಟಲಿನ ಹೆಂಗಸಿದ್ದಳಲ್ಲ. ಅವಳನ್ನು ಮತ್ತೆ ದಿನಗೂಲಿ ಮೇಲೆ ತಗೋ.”

ನಾನು ಹೋಗಿ ಹೇಳಿದೆ. ಮಲ್ಲವ್ವ ಸೊಂಟಕ್ಕೆ ಕೈಯಿಟ್ಟು ನಿಂತಳು. ದನಿ ತಿರುಗಿ ಮೊದಲಿನ ಹಾಗೆ.

“ಜ್ವರಾ ಬಂದಾಗ ನಾ ಬೇಕ್ರಿ. ಜ್ವರಾ ಹ್ವಾದಮ್ಯಾಲ ನಾ ಏಳನೇತ್ತಾ ಪಾಸು. ಬರೂದಿಲ್ಲ ಹೋಗ್ರಿ.”

“ಮಲ್ಲವ್ವಾ, ಕ್ವಾರಿ ಓಣ್ಯಾಗ ಒಂದು ಬಸರಿ ಹುಡಿಗಿ ಪುಣೆದಿಂದ ಬಂದಾಳಂತ. ಕೆಮ್ಮು ಐತಿ, ಜ್ವರಾ ಐತಿ ಅಂತಾರ. ಅತ್ತಿ ಬಾಗಲಾ ತೆಗೀವಲ್ಲಳು. ಬಸರಿಗೆ ಈ ಜಡ್ಡು ಭಾಳ ಕೆಟ್ಟದ್ದು.”

ಆಕೆ ಸೆರಗು ಬಿಗಿದು ಸಿಕ್ಕಿಸಿಕೊಂಡಳು. “ಸರ್ಕಾರದ ಕೆಲಸಕ್ಕ ಬರೂದಿಲ್ಲ. ಆ ಹುಡಿಗಿ ಸಲುವಾಗಿ ಬರ್ತೇನಿ. ನಡ್ರಿ.”

ಆ ಮನೆಯ ಬಾಗಿಲಿಗೆ ಅವಳು ಬಡಿಯಲೂ ಇಲ್ಲ, ಬೈಯಲೂ ಇಲ್ಲ. ಕಟ್ಟೆಯ ಮೇಲೆ ಕೂತು, ಬಾಗಿಲಿಗೆ ಬೆನ್ನು ಹಚ್ಚಿ, ಒಳಗಿನ ಅತ್ತೆಯೊಂದಿಗೆ ಮಾತಾಡತೊಡಗಿದಳು. “ನಮ್ಮತ್ತಿನ್ನ ನಾ ಮನ್ಯಾಗ ಇಟಗೊಂಡ ಕುಂತೆ ಯಕ್ಕಾ. ದವಾಖಾನಿಗೆ ಒಯ್ಯಾಕ ಹೆದರಿದೆ, ಕೈಯಾಗ ರೊಕ್ಕ ಇರ್ಲಿಲ್ಲ. ಬೆನ್ನಾಗಿನ ಹುಣ್ಣು ತೊಳದು ತೊಳದು ಕಳಿಸಿಕೊಟ್ಟೆ. ನಿನ್ನ ಸೊಸಿ ಕೂಡ ನಾ ಹೋಗತೇನಿ. ಅಕೀನ ಬಿಟ್ಟು ನಾ ಒಬ್ಬಾಕಿ ಬರೂದಿಲ್ಲ.” ಅದನ್ನು ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ. ತುಸು ಹೊತ್ತಿಗೆ ಅಗಳಿ ಸರಿದ ಸಪ್ಪಳವಾಯಿತು.

ಹುಡುಗಿ ಉಸಿರಿಗಾಗಿ ಹೆಗಲು ಎತ್ತೆತ್ತಿ ಒದ್ದಾಡುತ್ತಿದ್ದಳು. ಅಂಬುಲೆನ್ಸ್ ತರಿಸಿ ಬಾಗಲಕೋಟೆಗೆ ಒಯ್ದೆವು. ಮಲ್ಲವ್ವ ಮುಖಕ್ಕೆ ನಾನು ಕೊಟ್ಟ ಬಟ್ಟೆ ಕಟ್ಟಿಕೊಂಡು, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಳು. ಹೇಳಿದ ಹಾಗೆ ಅವಳನ್ನು ಬಿಟ್ಟು ಬರಲೂ ಇಲ್ಲ. ಹುಡುಗಿ ಉಳಿದಳು, ಕೂಸೂ ಉಳಿಯಿತು. ಅವರು ಮರಳಿದ ದಿನ ಇಡೀ ಓಣಿಯ ಬಾಗಿಲುಗಳು ತೆರೆದವು.

ಆದರೆ ಒಂದು ಷರತ್ತಿನ ಮೇಲೆ. ಮಲ್ಲವ್ವ ಬಂದರೆ ಮಾತ್ರ. ಹಾಗೆಂದು ಅವಳು ಕಲಿಸಿಕೊಟ್ಟದ್ದಲ್ಲ, ಹೆಂಗಸರೇ ಕೂಡಿ ಮಾಡಿದ್ದು. ಸಾಹೇಬರು ಸ್ವತಃ ಜೀಪಿನಲ್ಲಿ ಬಂದು ಓಣಿಯ ನಡುವೆ ನಿಂತಾಗ, ಆ ಬಸರಿಯ ಅತ್ತೆಯೇ ಮುಂದೆ ಬಂದು ಕೇಳಿದಳು: “ನಮ್ಮ ಊರಿಗೆ ಒಬ್ಬಾಕಿ ಆಶಾ ಅದಾಳಂತಲ್ರಿ. ಎಲ್ಲಿ ಅದಾಳ? ನಾವು ಯಾರೂ ನೋಡಿಲ್ಲ. ತೋರಸ್ರಿ.”

ಸಾಹೇಬರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಪಂಚಾಯ್ತಿಯವರು ಜೀಪಿನ ನೆರಳಿಗೆ ಸರಿದರು.

ಟಾಕಿಯ ಮನೆಯ ಸೊಸೆಯ ಹೆಸರು ತೆಗೆದರು. ಗ್ರಾಮಸಭೆ ಕರೆದರು. ಯೋಗ್ಯರು ಸಿಗದಿದ್ದಲ್ಲಿ ನಿಯಮ ಸಡಿಲಿಸಬಹುದು ಎಂಬ ಅದೇ ಸಾಲು ಆಗ ಎಲ್ಲರ ಕಣ್ಣಿಗೂ ಕಂಡಿತು. ಹಿಂದೆ ನಾನು ಓದಿ ತೋರಿಸಿದಾಗಲೂ ಅದು ಅಲ್ಲೇ ಇತ್ತು. ಒಂದು ಹುಡುಗಿ ಸಾವಿನ ಬಾಗಿಲತನಕ ಹೋಗಬೇಕಾಯಿತು, ಅಕ್ಷರ ಕಾಣಿಸಲು.

ಮಲ್ಲವ್ವ ಆಶಾ ಆದಳು ಎಂದು ಹೇಳಿ ಇಲ್ಲಿಗೆ ನಿಲ್ಲಿಸಬಹುದಿತ್ತು. ಓದಿದವರಿಗೆ ಸಮಾಧಾನ ಆಗುತ್ತಿತ್ತು. ಆದರೆ ಕೆಲಸಕ್ಕೆ ಬರುವ ಹುಡುಗಿಯರಿಗೆ ಖರೆ ಹೇಳಬೇಕು. ಆಶಾಗಳಿಗೆ ಆಗ ಸಂಬಳ ಇರಲಿಲ್ಲ. ಹೆರಿಗೆಗೆ ಕರೆತಂದರೆ ಇಷ್ಟು, ಕೂಸಿಗೆ ಚುಚ್ಚುಮದ್ದು ಹಾಕಿಸಿದರೆ ಇಷ್ಟು ಎಂಬ ಪುಡಿಗಾಸು, ಅದೂ ಬಂದಾಗ ಬಂತು. ನೌಕರರು ಎಂದು ಕರೆದರೆ ಸಂಬಳ ಕೊಡಬೇಕಾಗುತ್ತದಲ್ಲ! ಅದಕ್ಕೆ ಅವರನ್ನು ಸ್ವಯಂಸೇವಕಿಯರು ಎಂದರು.

ಹುನಗುಂದದಲ್ಲಿ ಅವರ ತರಬೇತಿಯ ಮೊದಲ ದಿನ ನಾನು ಹಿಂದಿನ ಸಾಲಿನಲ್ಲಿದ್ದೆ. ರಾಮಥಾಳದ ಕಡೆಯಿಂದ, ಇಳಕಲ್ ಸುತ್ತಲಿನಿಂದ ಹೆಣ್ಣುಮಕ್ಕಳು ಕೂಲಿ ಬಿಟ್ಟು ಬಂದಿದ್ದರು. ಸಾಹೇಬರು ಮಾತಿಗೆ ನಿಂತರು. ಆ ದಿನ ನಿಜವಾಗಿಯೂ ಖುಷಿಯಲ್ಲಿದ್ದರು, ಮನಸಾರೆ ಮಾತಾಡಿದರು. ಇದು ಬಸವಣ್ಣನವರ ನಾಡು, ಸೇವೆ ನಿಮ್ಮ ರಕ್ತದಲ್ಲೇ ಇದೆ, ನೀವು ಹಣಕ್ಕಾಗಿ ಬಂದವರಲ್ಲ, ನೀವು ಸ್ವಯಂಸೇವಕಿಯರು, ಅದೇ ನಿಮ್ಮ ಹಿರಿಮೆ ಎಂದರು. ನಡುವಿನ ಸಾಲಿನಲ್ಲಿ ಮಲ್ಲವ್ವ ಎದ್ದು ನಿಂತಳು.

“ಒಂದ ಮಾತು ಕೇಳಲ್ರೀ ಸಾಹೇಬ್ರ?”

“ಕೇಳಮ್ಮ, ಕೇಳು.”

“ತಪ್ಪು ತಿಳ್ಕೋಬ್ಯಾಡ್ರಿ. ತಿಳೀಲಾರದ್ದಕ್ಕ ಕೇಳತೇನಿ. ನೀವೂ ಸ್ವಯಂಸೇವಕರ ಏನ್ರಿ?”

ಸಭೆಯಲ್ಲಿ ಯಾರೂ ನಗಲಿಲ್ಲ. ಅಷ್ಟು ಹೆಣ್ಣುಮಕ್ಕಳು ಒಟ್ಟಿಗೆ ತಲೆ ಎತ್ತಿ ಸಾಹೇಬರ ಕಡೆ ನೋಡಿದರು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಚಹಾಕ್ಕೆ ಬಿಡುವು ಎಂದರು. ಮಲ್ಲವ್ವ ಚಹಾಕ್ಕೆ ಹೋಗಲಿಲ್ಲ. ಉತ್ತರ ಬರುತ್ತದೆಂದು ಹಾಗೇ ನಿಂತಿದ್ದಳು.